ಮಡಿಸಿಟ್ಟ ಬೆಳಕು

ಪರದೆಯ ಮೇಲೆ ಹಸಿರು ಚುಕ್ಕೆ ಮೂಡಲೇ ಇಲ್ಲ. ಕಡಲ ರಕ್ಷಣಾ ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ವಾರಿಜ ಸಂಜೆ ಏಳರಿಂದ ಒಂದೇ ಕುರ್ಚಿಯಲ್ಲಿ ಕೂತಿದ್ದಳು. ಮೂಡಬೇಕಾಗಿದ್ದ ಚುಕ್ಕೆ ಅವಳೇ ಬಣ್ಣ ಹಾಕಿದ ಬಾವುಟದ್ದು. ಆ ಬಾವುಟವಿದ್ದ ನಾಡದೋಣಿಯ ತಾಂಡೇಲ, ಎಂದರೆ ದೋಣಿ ನಡೆಸುವ ಯಜಮಾನ, ಅವಳ ಗಂಡ ಶೀನ.

ಮಧ್ಯಾಹ್ನ ಹೇಳದೆ ಕೇಳದೆ ಎದ್ದ ಬಿರುಗಾಳಿ ತನ್ನ ಕೆಲಸ ಮುಗಿಸಿ ಹೋಗಿತ್ತು. ಈಗ ಆಕಾಶ ಏನೂ ಅರಿಯದಂತೆ ತಿಳಿಯಾಗಿತ್ತು. ಮರಳಬೆಟ್ಟಿನ ನಲವತ್ತು ದೋಣಿಗಳಲ್ಲಿ ಮೂವತ್ತೊಂಬತ್ತು ಹೇಗೋ ದಡ ಸೇರಿದ್ದವು. ಉಳಿದ ಒಂದನ್ನು ಹುಡುಕುತ್ತ ಮೂರು ಡ್ರೋನ್‌ಗಳು ಗದ್ದೆ ಉಳುವ ಹಾಗೆ ಕಡಲಿನ ಮೇಲೆ ಪಟ್ಟಿ ಪಟ್ಟಿಯಾಗಿ ಹೋಗಿ ಬಂದು ಮಾಡುತ್ತಿದ್ದವು. ಅವುಗಳ ಕ್ಯಾಮೆರಾಕ್ಕೆ ಕಲಿಸಿದ್ದು ಒಂದೇ ಬಣ್ಣ. ನಕ್ಷತ್ರ, ಹಡಗಿನ ದೀಪ, ಕೆಲವು ರಾತ್ರಿ ಅಲೆಯಲ್ಲಿ ತಾನಾಗಿ ಮಿನುಗುವ ನೀಲಿ, ಎಲ್ಲವೂ ಅವಕ್ಕೆ ಕತ್ತಲೆಯೇ. ಬಾವುಟದ ಹಸಿರು ಮಾತ್ರ ಐದು ಮೈಲಿ ದೂರದಿಂದ ಕಾಣಬೇಕಿತ್ತು.

"ಮ್ಯಾಡಂ, ಇಪ್ಪತ್ತೆಂಟನೇ ಪಟ್ಟಿನೂ ಮುಗೀತು," ಎಂದ ಡ್ರೋನ್ ನಡೆಸುತ್ತಿದ್ದ ಆಲ್ವಿನ್. "ಏನೂ ಇಲ್ಲ. ಕ್ಯಾಮೆರಾ ಸರಿ ಇದೆಯಾ ಅಂತ ಇನ್ನೊಂದ್ಸಲ ನೋಡ್ಲಾ?"

"ಕ್ಯಾಮೆರಾ ಸರಿ ಇತ್ತ್," ಎಂದಳು ವಾರಿಜ.

ಹತ್ತು ಗಂಟೆಯ ಹೊತ್ತಿಗೇ ಅವಳಿಗೆ ಕಾರಣ ಗೊತ್ತಾಗಿತ್ತು. ಬಾವುಟ ಬೆಳಗುತ್ತಿಲ್ಲ. ಅದು ಹನ್ನೆರಡು ದಿನದಿಂದ ಬಿಸಿಲು ಕಂಡಿಲ್ಲ. ಅದನ್ನು ಮಡಿಸಿ ಒಳಗಿಡಲು ಹೇಳಿದವಳು ಅವಳೇ. ಇದನ್ನು ಅವಳು ಆಲ್ವಿನ್‌ಗೆ ಹೇಳಲಿಲ್ಲ. ಯಾರೋ ತಂದಿಟ್ಟ ಚಹಾ ಕುಡಿದಳು. ಅದು ಬಿಸಿಯಿತ್ತೋ ತಣ್ಣಗಾಗಿತ್ತೋ ಅವಳಿಗೆ ತಿಳಿಯಲಿಲ್ಲ.

*

ಬಾವುಟ ಇರುಳಲ್ಲೂ ಕಂಡರೆ ಏನಾಗಬಹುದು ಎಂಬ ಪ್ರಶ್ನೆ ಎಂಟು ವರ್ಷದ ಹಿಂದೆ ಡಾಕ್ಟರ್ ಪದ್ಮನಾಭ ಉಡುಪರ ತಲೆ ಹೊಕ್ಕಿತ್ತು. ಉಡುಪರು ಕೇಂದ್ರದ ಪ್ರಯೋಗಾಲಯದ ಮುಖ್ಯಸ್ಥರು, ಒಂದು ಪ್ರಶ್ನೆ ಹಿಡಿದರೆ ಎದುರಿಗಿನ ಊಟ ಹಳಸುವವರೆಗೂ ಬಿಡದ ಮನುಷ್ಯ. ಕಡಲಿನಲ್ಲಿ ಎಲ್ಲಕ್ಕಿಂತ ಹಳೆಯ ಕೂಗೆಂದರೆ ಬಾವುಟವೇ ಎಂದು ಅವರು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ವೈರ್‌ಲೆಸ್ಸಿಗೆ ಉಪ್ಪುನೀರು ಹೊಕ್ಕರೆ ಕತೆ ಮುಗಿಯಿತು. ಮೊಬೈಲು ಅದಕ್ಕೂ ಮೊದಲೇ ಸತ್ತಿರುತ್ತದೆ. ಬಟ್ಟೆ ಒದ್ದೆಯಾದರೂ ಬಟ್ಟೆಯೇ. ಆದರೆ ಹೊತ್ತು ಮುಳುಗಿತೆಂದರೆ ಬಾವುಟಕ್ಕೂ ಹರಿದ ಗೋಣಿಗೂ ವ್ಯತ್ಯಾಸ ಉಳಿಯುವುದಿಲ್ಲ.

ಅವರು ಕಂಡುಹಿಡಿದದ್ದು ಒಂದು ಹರಳು. ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿದರೆ ಅದು ಹಗಲು ಬಿಸಿಲು ಕುಡಿದಿಟ್ಟುಕೊಂಡು ಇರುಳು ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಅರ್ಧ ದಿನದ ಬಿಸಿಲಿಗೆ ಎರಡು ರಾತ್ರಿಯ ಬೆಳಕು. ಬಿಚ್ಚಿಡಿ, ಮಡಿಸಿಡಿ, ಎರಡು ರಾತ್ರಿ ಕಳೆದರೆ ಖಾಲಿ. ಮತ್ತೆ ಬಿಸಿಲು ಬೇಕು. ಇಷ್ಟೆಲ್ಲ ಆದರೂ ಪುಡಿ ಬಟ್ಟೆಯ ಮೇಲೆ ನಿಲ್ಲುತ್ತಿರಲಿಲ್ಲ. ಮೊದಲ ತೊಳೆತಕ್ಕೇ ನೀರುಪಾಲಾಗುತ್ತಿತ್ತು.

ಬಾವುಟ ಹೊಲಿಯಲೆಂದು ದಿನಗೂಲಿಗೆ ಸೇರಿದ್ದ ವಾರಿಜ ಒಂದು ದಿನ ಹುಣಸೆ ಬೀಜ ಅರೆದು ಕಾಯಿಸಿದ ಅಂಟನ್ನು ಡಬ್ಬಿಯಲ್ಲಿ ತಂದಳು. ಅವಳ ಅತ್ತೆ ಮುತ್ತು ಹಿಂದೆಲ್ಲ ಬಟ್ಟೆಗೆ ಗಂಜಿಯ ಬದಲು ಅದನ್ನೇ ಹಾಕುತ್ತಿದ್ದಳಂತೆ. ಉಡುಪರು ನಗಲಿಲ್ಲ, ಅದು ಅವರ ದೊಡ್ಡ ಗುಣ. ಅದಕ್ಕೆ ಇನ್ನೆರಡು ಔಷಧಿ ಬೆರೆಸಿದರು, ಪುಡಿ ನಿಂತಿತು. ವಾರಿಜ ಬಣ್ಣದ ಕೋಣೆಯ ಮೇಲ್ವಿಚಾರಕಿಯಾದಳು. ಒಂದೇ ಒಂದು ಕೊರತೆ ಉಳಿಯಿತು. ಉಪ್ಪುಗೈಯಲ್ಲಿ ಗಂಟೆಗಟ್ಟಲೆ ಬಿಗಿಯಾಗಿ ಹಿಡಿದರೆ ಹಿಡಿದಷ್ಟು ಜಾಗದ ಹರಳು ಉದುರಿ, ಅಲ್ಲಿ ಬಟ್ಟೆ ಮತ್ತೆಂದೂ ಬೆಳಗುವುದಿಲ್ಲ. ಅದಕ್ಕಾಗಿ ಬಾವುಟದ ಅಂಚಿಗೆ ಕುಣಿಕೆ ಹೊಲಿದು, ಕೋಲಿಗೆ ಕಟ್ಟಿ, ಕೈಯಲ್ಲಿ ಹಿಡಿಯಬೇಡಿ ಎಂದರು.

ಕೆಟ್ಟ ತುಂಡುಗಳು ಮನೆಗೆ ಬಂದವು. ಮುತ್ತು ಅವುಗಳಲ್ಲಿ ಒಂದನ್ನು ಕೈ ಒರೆಸಲು ಇಟ್ಟುಕೊಂಡಳು, ಇನ್ನೊಂದನ್ನು ಅಂಗಳದಲ್ಲಿ ಹರಡಿದ ಒಣಮೀನಿಗೆ ಕಾಗೆ ಬಾರದಂತೆ ಹೊದೆಸಿದಳು. "ನಿಮ್ ಆಫೀಸಿನ್ ಬಟ್ಟಿ ಗಟ್ಟಿ ಇತ್ತ್ ಹೆಣೆ, ಇನ್ನೆರ್ಡ್ ತಕಂಬಾ," ಎಂದು ಸೊಸೆಗೆ ಹೇಳುತ್ತಿದ್ದಳು. ಮೀನು ಮುಚ್ಚುವ ಬಟ್ಟೆ ದಿನಾ ರಾತ್ರಿ ಅಂಗಳದ ತಂತಿಯಲ್ಲಿ ಹಸಿರಾಗಿ ಬೆಳಗುತ್ತ ನೇತಾಡುತ್ತಿತ್ತು. ಶೀನ ಬೀಡಿ ಸೇದಲು ಹೊರಗೆ ಕೂತಾಗ ಅದರ ಬೆಳಕಿನಲ್ಲೇ ಬಲೆಯ ಹರುಕು ಹುಡುಕುತ್ತಿದ್ದ.

*

ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿಯುವ ಹಿಂದಿನ ದಿನ ನಲವತ್ತು ದೋಣಿಗಳಿಗೂ ಬಾವುಟ ಹಂಚಿದರು. ಹಗಲು ನೋಡಿದರೆ ಕಿತ್ತಳೆ ಬಣ್ಣದ, ಹಾಸುವಷ್ಟು ದೊಡ್ಡ ಬಟ್ಟೆ. ಜತೆಗೊಂದು ಕಾಗದ. ಅದರ ಮೊದಲ ಸಾಲು ಕೆಂಪು ದಪ್ಪ ಅಕ್ಷರದಲ್ಲಿತ್ತು: ಅಪಾಯದಲ್ಲಿ ಮಾತ್ರ ಏರಿಸಿ. ಐದನೆಯ ಸಾಲು ಸಣ್ಣ ಅಕ್ಷರದಲ್ಲಿ: ಪ್ರತಿದಿನ ಅರ್ಧ ದಿನ ಬಿಸಿಲಿಗೆ ಬಿಡಿ. ಕಾಗದ ಬರೆದವಳು ವಾರಿಜ, ತಿದ್ದಿದವರು ಉಡುಪರು. ಸಣ್ಣ ದೋಣಿಯಲ್ಲಿ ಬಲೆ, ಮೀನು, ಐದು ಜನರ ಕಾಲು ಬಿಟ್ಟರೆ ಬಟ್ಟೆ ಹರಡುವ ಜಾಗವೆಲ್ಲಿದೆ, ಬಿಸಿಲಿಗೆ ಬಿಡುವುದೆಂದರೆ ಕೋಲಿಗೆ ಏರಿಸುವುದೇ ಎಂದು ಪ್ರಯೋಗಾಲಯದಲ್ಲಿ ಯಾರಿಗೂ ಹೊಳೆಯಲಿಲ್ಲ.

ಮರಳಬೆಟ್ಟಿನ ಗಂಡಸರು ಬೆಲೆಬಾಳುವ ವಸ್ತುವಿಗೆ ಏನು ಮಾಡಬೇಕೋ ಅದನ್ನೇ ಮಾಡಿದರು. ಬಾವುಟಕ್ಕೆ ಕುಂಕುಮ ಹಚ್ಚಿ, ಹೂವಿಟ್ಟು, ಹೊಸ ಬಟ್ಟೆಯಲ್ಲಿ ಸುತ್ತಿ, ದೋಣಿಯ ಪೆಟ್ಟಿಗೆಯಲ್ಲಿ ಅಮ್ಮನ ಪಟದ ಎದುರು ಇಟ್ಟು ಕೈಮುಗಿದರು. ಕಷ್ಟಕ್ಕೆಂದು ಇರುವ ಬಾವುಟವನ್ನು ಸುಮ್ಮಸುಮ್ಮನೆ ಏರಿಸುವುದೆಂದರೆ ಕಷ್ಟವನ್ನು ಹೆಸರು ಹಿಡಿದು ಕರೆದಂತೆ ಎಂದು ಅವರ ನಂಬಿಕೆ.

ಶೀನ ಒಬ್ಬನೇ ಏರಿಸಿದ. ಹೆಂಡತಿ ಮಾಡಿದ್ದು ಎಂಬ ಹೆಮ್ಮೆ ಅವನಿಗೆ. ಎರಡು ದಿನ ಅವನ ದೋಣಿಯ ಕೋಲಿನ ಮೇಲೆ ಬಾವುಟ ಹಾರಿತು, ಎರಡು ದಿನವೂ ಉಳಿದ ದೋಣಿಗಳು ಅವನ ಹತ್ತಿರ ಸುಳಿಯಲಿಲ್ಲ. ಎರಡನೆಯ ಸಂಜೆ ಊಟಕ್ಕೆ ಕೂತವನು ಅನ್ನ ಕಲಸುತ್ತಲೇ ಇದ್ದ.

"ಹ್ವಾಯ್, ಉಣ್ಣಿ, ಎಂತ ಯೋಚ್ನಿ?" ಎಂದಳು ವಾರಿಜ.

"ನಾಳಿಂದ ನಮ್ ದೋಣಿಗ್ ಬಪ್ಪುದಿಲ್ಲ ಅಂಬ ಗಣಪ. ಉಳ್ದವ್ರೂ ಅದನ್ನೇ ಹೇಳ್ತ್ರ್. ಆ ಬಾವುಟ ಇಳ್ಸ್ಕ್ ಅಂಬ್ರ್. ನೀ ಕಟ್ಟ್ ಅಂದ್ರೆ ನಾ ಕಟ್ತೆ, ಯಾರ್ ಬಂದ್ರೂ ಬರ್ದಿದ್ರೂ."

ಅವಳಿಗೆ ಅಂದು ಸಾಕಾಗಿ ಹೋಗಿತ್ತು. ಬೆಳಿಗ್ಗೆ ಮೀನು ಇಳಿಸುವಲ್ಲಿ ಹೆಂಗಸರು ಅವಳನ್ನು ಕಂಡು ಮುಖ ತಿರುಗಿಸಿದ್ದರು. ಗಂಡನಿಗೆ ಅಪಶಕುನ ಕಟ್ಟಿ ಕಳಿಸಿದವಳು ಎಂದು ಯಾರೋ ಕೇಳುವಂತೆಯೇ ಅಂದಿದ್ದರು.

"ಮಡ್ಸಿ ಅಮ್ಮನ್ ಪಟದ್ ಎದ್ರ್ ಇಡಿ," ಎಂದಳು. "ಸಲ್ಪ ದಿನ ಹೋಗ್ಲಿ. ಎಲ್ರಿಗೂ ರೂಢಿ ಆದ್ಮೇಲೆ ಕಟ್ಟುವ."

"ಒಳ್ಗೆ ಇಟ್ರೂ ಬೇಕಾದಾಗ ಬೆಳಗ್ತಾ?"

"ಬೆಳಗ್ತ್. ಸಲ್ಪ ತಡ ಆತ್ತ್, ಅಷ್ಟೆ."

ಅದು ಸುಳ್ಳು. ಎರಡು ರಾತ್ರಿಗೆ ಖಾಲಿಯಾಗುತ್ತದೆ ಎಂದು ಊರಿನಲ್ಲಿ ಅವಳಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಹತ್ತು ಹದಿನೈದು ದಿನದಲ್ಲಿ ಏನಾಗಿ ಹೋಗುತ್ತದೆ ಎಂದುಕೊಂಡಳು. ಶೀನನ ಮುಖ ಹಗುರಾಯಿತು. ಇನ್ನಷ್ಟು ಅನ್ನ ಹಾಕಿಸಿಕೊಂಡ.

*

ಗಣಪ ಬಂದದ್ದು ಬಿರುಗಾಳಿಯಾದ ಐದನೆಯ ದಿನ. ಮೂವತ್ತು ದಾಟಿದ ಗಟ್ಟಿಯಾಳು. ತುಟಿ ಉಪ್ಪಿಗೆ ಒಡೆದು ಮಾತಾಡಿದರೆ ರಕ್ತ ಜಿನುಗುತ್ತಿತ್ತು. ಶೀನನ ದೋಣಿಯ ಐವರಲ್ಲಿ ಬದುಕಿ ಬಂದವರು ಅವನೂ ಇನ್ನೊಬ್ಬನೂ. ಇಬ್ಬರ ಹೆಣ ದಡಕ್ಕೆ ಬಂದಿತ್ತು. ಶೀನ ಸಿಕ್ಕಿರಲಿಲ್ಲ.

ಅವನು ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ಕೂತ. ಮುತ್ತು ಕಂಬಕ್ಕೆ ಒರಗಿ ನಿಂತಳು. ವಾರಿಜ ಅವನಿಗೆ ನೀರು ತಂದಿಟ್ಟಳು.

"ದೋಣಿ ಮಗುಚಿತ್, ಅಕ್ಕ," ಎಂದ ಗಣಪ. "ನಾವ್ ಬೆನ್ನಿನ್ ಮೇಲ್ ಹತ್ತಿ ಹಗ್ಗ ಸುತ್ಕಂಡ್ ಕೂತಿತ್. ಕೋಲ್ ತುಂಡಾಯ್ ಹೋಯಿತ್. ಶೀನಣ್ಣ ನೀರಿನ್ ಒಳ್ಗೆ ಹೊಕ್ಕಿ ಪೆಟ್ಟಿಗೆಯಿಂದ ಬಾವುಟ ತಂದ್ರ್. ಎರ್ಡೂ ಮೂಲಿ ಎರ್ಡ್ ಕೈಯಂಗ್ ಹಿಡ್ದ್ ತಲಿ ಮೇಲ್ ಎತ್ತಿ ಹಿಡ್ದ್ರ್. ಕಪ್ಪ್, ಅಕ್ಕ. ಎಂತ ಬೆಳ್ಕೂ ಇಲ್ಲ. ನಾವ್ ಬೈದಿತ್. ಶೀನಣ್ಣ ಮಾತ್ರ, 'ಬೆಳಗ್ತ್, ಸಲ್ಪ ತಡ ಆತ್ತ್ ಅಷ್ಟೆ' ಅಂದ್ರ್. ರಾತ್ರಿಯಿಡೀ ಅದೊಂದೇ ಮಾತ್. ಡ್ರೋನ್ ಸದ್ದೂ ಒಂದ್ಸಲ ಕೇಂಡಿತ್. ಅವ್ರ್ ಕೈ ಇಳ್ಸಲೇ ಇಲ್ಲ."

ಅವನು ನೀರು ಕುಡಿದ.

"ಬೆಳಗಿನ್ ಜಾವಕ್ಕೆ, 'ಹಿಡ್ಕೋ ಗಣಪ, ಕೈ ಸೋತಿತ್' ಅಂದ್ ನಂಗೆ ಕೊಟ್ರ್. ಆಮೇಲೊಂದ್ ದೊಡ್ಡ ಅಲಿ ಬಂತ್. ಹೊತ್ತ್ ಮೂಡಿದ್ಮೇಲೆ ನಾ ಅದನ್ನ ಬೀಸಿದೆ. ಕಿತ್ತಳೆ ಬಣ್ಣ ಕಂಡ್ ಬೇರೆ ಊರಿನ್ ದೋಣಿಯವ್ರ್ ಬಂದ್ರ್."

ಮುತ್ತು ಕಂಬ ಹಿಡಿದು ಹಾಗೇ ಕೆಳಗೆ ಕೂತು ಎದೆ ಬಡಿದುಕೊಂಡಳು. ವಾರಿಜಳಿಗೆ ಅಳು ಬರಲಿಲ್ಲ. ಬೇರೆ ಯಾವುದೋ ಊರಿನ, ಬೇರೆ ಯಾರದೋ ಮನೆಯ ಸುದ್ದಿ ಕೇಳಿದಂತಿತ್ತು. ಗಣಪ ಹೇಳಿದ ಆ ಒಂದು ಮಾತು ಯಾರದೆಂದು ಅವನಿಗೂ ಗೊತ್ತಿಲ್ಲ, ಮುತ್ತುವಿಗೂ ಗೊತ್ತಿಲ್ಲ. ಅವಳು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋಗಿ ತೊಳೆದಿಟ್ಟಳು, ಮತ್ತೆ ತೆಗೆದು ಇನ್ನೊಮ್ಮೆ ತೊಳೆದಳು.

*

ಬಾವುಟ ಪ್ರಯೋಗಾಲಯಕ್ಕೆ ಬಂತು. ಉಡುಪರು ಅದರ ನಡುವಿನಿಂದ ಅಂಗೈಯಗಲದ ತುಂಡು ಕತ್ತರಿಸಿ, ಉಳಿದದ್ದನ್ನು ಮೊಹರು ಮಾಡಿ ಕಪಾಟಿನಲ್ಲಿಟ್ಟರು. ತುಂಡನ್ನು ತಾರಸಿಯ ಬಿಸಿಲಿನಲ್ಲಿ ಅರ್ಧ ದಿನ ಇಟ್ಟು ಕತ್ತಲೆ ಕೋಣೆಗೆ ಒಯ್ದರು. ಅದು ಒಂದಿಷ್ಟೂ ಕುಂದಿಲ್ಲದೆ ಬೆಳಗಿತು. ಆ ಬೆಳಕಿನಲ್ಲಿ ಉಡುಪರ ಮುಖ ಅವಳಿಗೆ ಕಂಡಿತು, ಅವಳ ಮುಖ ಅವರಿಗೂ ಕಂಡಿರಬೇಕು.

ಸಂಜೆ ಅವರು ವರದಿಯನ್ನು ಅವಳ ಮುಂದಿಟ್ಟರು. ಬಟ್ಟೆಯಲ್ಲಿ ದೋಷವಿಲ್ಲ, ತಾಂಡೇಲರು ಸೂಚನೆಯಂತೆ ಬಾವುಟವನ್ನು ಬಿಸಿಲಿಗೆ ಬಿಡದಿದ್ದುದೇ ಮೂರು ಸಾವಿಗೆ ಕಾರಣ ಎಂದು ಅದರಲ್ಲಿತ್ತು. ಕೆಳಗೆ ಅವರ ಸಹಿ, ಅದರ ಪಕ್ಕದಲ್ಲಿ ಅವಳ ಸಹಿಗೆ ಜಾಗ.

"ನೋಡಮ್ಮ, ಇದನ್ನ ಬರೀಲಿಕ್ಕೆ ನನಗೂ ಕೈ ಬರ್ಲಿಲ್ಲ," ಎಂದರು ಉಡುಪರು. "ಆದ್ರೆ ಬಟ್ಟೆದೇ ದೋಷ ಅಂತ ಬರೆದ್ರೆ ಮೇಲಿನವರು ಕೆಲಸ ನಿಲ್ಲಿಸ್ತಾರೆ. ಇನ್ನೂ ಮೂವತ್ತೊಂಬತ್ತು ದೋಣಿ ಕಡಲಿಗೆ ಹೋಗ್ತಾ ಇವೆ. ಸೋಮವಾರ ಸಂಘದ ಸಭೆಯಲ್ಲಿ ಓದಬೇಕು. ನೀವು ಬರದಿದ್ರೂ ನಡೀತದೆ."

"ಬತ್ತೆ ಸರ್," ಎಂದಳು. ಸಹಿ ಹಾಕಲಿಲ್ಲ.

ಮನೆಯಲ್ಲಿ ಮುತ್ತು ಮಗನ ಗುಣ ಹೇಳಿಕೊಂಡು ಅಳುತ್ತಿದ್ದಳು. ಸುಮ್ಮನಿದ್ದರೆ ಇಬ್ಬರು ಸತ್ತವರ ಮನೆಯವರು ಬಾಳಿಡೀ ಶೀನನ ಹೆಸರಿಗೆ ಶಾಪ ಹಾಕುತ್ತಾರೆ. ಬಾಯಿ ಬಿಟ್ಟರೆ ಈ ಮುದುಕಿ ತನ್ನನ್ನು ಮತ್ತೆ ಮುಖವೆತ್ತಿ ನೋಡಲಾರಳು. ವಾರಿಜಳಿಗೆ ಉಳಿದ ಮನುಷ್ಯರೆಂದರೆ ಮುತ್ತು ಒಬ್ಬಳೇ. ಎರಡನ್ನೂ ಅವಳು ತೂಗಿ ನೋಡಿದಳು. ಎರಡೂ ಕಡೆ ಏನೂ ಅನ್ನಿಸಲಿಲ್ಲ.

ಸೋಮವಾರ ಮೀನುಗಾರರ ಸಂಘದ ಸಭಾಭವನ ತುಂಬಿತ್ತು. ಮುತ್ತು ಕೊನೆಯ ಸಾಲಿನಲ್ಲಿ ಕೂತಿದ್ದಳು. ಉಡುಪರು ತಲೆಯೆತ್ತದೆ ವರದಿ ಓದಿದರು. ಓದು ಮುಗಿಯುತ್ತಲೇ ಸತ್ತವರಲ್ಲೊಬ್ಬನ ಹೆಂಡತಿ ಎದ್ದು ನಿಂತಳು. "ಹಾಂಗಾರೆ ನನ್ ಗಂಡನ್ ಕೊಂದದ್ ಶೀನನಾ?" ಎಂದು ಕೇಳಿದಳು.

"ಅಲ್ಲ," ಎಂದಳು ವಾರಿಜ.

ಎದ್ದು ನಿಂತದ್ದು ಅವಳಿಗೇ ಗೊತ್ತಾಗಿರಲಿಲ್ಲ. ದನಿ ದಿನಸಿ ಪಟ್ಟಿ ಓದುವವಳ ಹಾಗೆ ಸಪಾಟಾಗಿತ್ತು.

"ಅವ್ರ್ ಎರ್ಡ್ ದಿನ ಬಿಸ್ಲಿಗೆ ಕಟ್ಟಿದ್ರ್. ನೀವೆಲ್ಲ ಹತ್ರ ಬರ್ಲಿಲ್ಲ. ಇಳ್ಸಿ ಮಡ್ಸಿ ಇಡಿ ಅಂದದ್ ನಾನ್. ಒಳ್ಗೆ ಇಟ್ರೂ ಬೆಳಗ್ತಾ ಅಂದ್ ಕೇಂಡ್ರ್. ಬೆಳಗ್ತ್, ಸಲ್ಪ ತಡ ಆತ್ತ್ ಅಂದೆ. ಅದ್ ಸುಳ್ಳ್ ಅಂದೇಳಿ ನಂಗೆ ಗೊತ್ತಿತ್. ಬರಿಯುದಾರೆ ನನ್ ಹೆಸ್ರ್ ಬರೀರಿ ಸರ್."

ಮುಂದಿನ ಸಾಲಿನಲ್ಲಿ ಗಣಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಇನ್ನೊಂದ್ ಮಾತ್," ಎಂದಳು ವಾರಿಜ. "ನಮ್ಮನಿಯಂಗೆ ಮೀನ್ ಮುಚ್ಚು ಬಟ್ಟಿ ದಿನಾ ರಾತ್ರಿ ಬೆಳಗ್ತ್. ಅದ್ಕೆ ಯಾರೂ ಕುಂಕುಮ ಹಚ್ಚಲಿಲ್ಲ, ಹೂಗ್ ಇಡ್ಲಿಲ್ಲ. ಅತ್ತೆ ಅದನ್ನ ಬಿಸ್ಲಿಗೆ ಬಿಸಾಕ್ತ್ರ್, ಅಷ್ಟೆ. ಬಾವುಟ ಬ್ಯಾಡ ಸರ್. ಕಷ್ಟದ್ ಹೆಸ್ರ್ ಇದ್ದದ್ದನ್ನ ನಮ್ಮವ್ರ್ ಹೊರ್ಗೆ ಹಾಕುದಿಲ್ಲ. ತಲಿಗ್ ಕಟ್ಟು ಮುಂಡಾಸ್ ಮಾಡಿ."

ಅವಳು ಕೂತಳು. ಹಿಂದೆ ಕುರ್ಚಿ ಸರಿದ ಸದ್ದಾಯಿತು. ಮುತ್ತು ಬಾಗಿಲು ದಾಟಿ ಹೊರಗೆ ಹೋಗಿ ಆಗಿತ್ತು.

*

ಮುತ್ತು ಮಾತು ಬಿಟ್ಟಳು. ಅನ್ನ ಬೇಯಿಸಿಟ್ಟರೆ ಬಡಿಸಿಕೊಂಡು ಉಣ್ಣುತ್ತಿದ್ದಳು, ವಾರಿಜ ಒಳಗೆ ಬಂದರೆ ಅಂಗಳಕ್ಕೆ ಹೋಗುತ್ತಿದ್ದಳು. ಒಂದು ತಿಂಗಳು ಹೀಗೇ ಕಳೆಯಿತು.

ಉಡುಪರು ವರದಿಯನ್ನು ಮತ್ತೆ ಬರೆದರು. ಕಾಗದದ ಮೊದಲ ಸಾಲೂ ಐದನೆಯ ಸಾಲೂ ಒಂದಕ್ಕೊಂದು ವಿರುದ್ಧವಾಗಿದ್ದುದು ಕೇಂದ್ರದ ತಪ್ಪು ಎಂದು ಸೇರಿಸಿ ತಮ್ಮ ಹೆಸರನ್ನೂ ಹಾಕಿದರು. ವಾರಿಜಳ ಹೆಸರು ಉಳಿಯಿತು, ತಾಂಡೇಲನ ಹೆಸರು ಹೋಯಿತು. ಅವಳು ದಿನಾ ಕೆಲಸಕ್ಕೆ ಹೋಗಿ ಮುಂಡಾಸಿನ ಬಟ್ಟೆ ಅಂಟಿನಲ್ಲಿ ಅದ್ದಿದಳು, ಹಿಂಡಿದಳು, ಹರಡಿದಳು. ಮೊದಲನೆಯದನ್ನು ಗಣಪ ತಲೆಗೆ ಸುತ್ತಿಕೊಂಡು ಹೋದ, ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಸುತ್ತಿಕೊಂಡರು. ಬೆವರು ಒರೆಸುವ ಬಟ್ಟೆಗೆ ಯಾರೂ ಕೈಮುಗಿಯಲಿಲ್ಲ, ಯಾರೂ ಹೆದರಲಿಲ್ಲ.

ಒಂದು ಸಂಜೆ ಆಲ್ವಿನ್ ಫೋನು ಮಾಡಿದ. "ಮ್ಯಾಡಂ, ದೋಣಿಗಳು ವಾಪಸ್ ಬರ್ತಾ ಇವೆ. ಪರದೆ ತುಂಬ ಚುಕ್ಕೆ. ಒಬ್ಬೊಬ್ಬರನ್ನೂ ಎಣಿಸಬಹುದು!"

"ಒಳ್ಳೇದಾಯ್ತ್," ಎಂದಳು. ಅದು ಒಳ್ಳೆಯದು ಎಂದು ಅವಳಿಗೆ ಗೊತ್ತಿತ್ತು, ಗೊತ್ತಿತ್ತು ಅಷ್ಟೆ.

ಅದೇ ವಾರ ಉಡುಪರು ಮೊಹರು ಒಡೆದು ಶೀನನ ಬಾವುಟವನ್ನು ಅವಳಿಗೆ ಕೊಟ್ಟರು. ಅವಳು ಅದನ್ನು ಮನೆಗೆ ತಂದು, ನೀಟಾಗಿ ಮಡಿಸಿ, ಅವನ ಫೋಟೋದ ಎದುರಿಟ್ಟು, ಮೇಲೊಂದು ಮಲ್ಲಿಗೆ ಮಾಲೆ ಹಾಕಿದಳು. ಅಡುಗೆ ಮಾಡಿ ಮಲಗಿದಳು.

ಮರುದಿನ ಭಾನುವಾರ. ಬೆಳಿಗ್ಗೆ ಎದ್ದು ಬಂದಾಗ ಮುತ್ತು ಫೋಟೋದ ಎದುರು ನಿಂತಿದ್ದಳು.

"ಮತ್ತೆ ಮಡ್ಸಿ ಇಟ್ಯಾ?" ಎಂದಳು ಮುತ್ತು.

ಒಂದು ತಿಂಗಳಲ್ಲಿ ಅದು ಅವಳ ಮೊದಲ ಮಾತು. ವಾರಿಜ ಮಲ್ಲಿಗೆಯನ್ನೂ ಮಡಿಕೆಯನ್ನೂ ನೋಡಿದಳು. ತಾನೇನು ಮಾಡಿದ್ದೇನೆಂದು ಆಗ ಅವಳಿಗೆ ತಿಳಿಯಿತು. ಮುತ್ತು ಹೂವನ್ನು ಬದಿಗಿಟ್ಟು ಬಾವುಟವನ್ನು ಎತ್ತಿಕೊಂಡು ಅಂಗಳಕ್ಕೆ ನಡೆದಳು. ಒಂದು ಸಲ ಜೋರಾಗಿ ಕೊಡವಿ, ಮೀನು ಮುಚ್ಚುವ ಬಟ್ಟೆಯ ಪಕ್ಕದಲ್ಲಿ ತಂತಿಗೆ ಹಾಕಿ, ಎರಡು ಕ್ಲಿಪ್ಪು ಸಿಕ್ಕಿಸಿದಳು. ದಿನವಿಡೀ ಅದು ಬಿಸಿಲಿನಲ್ಲಿ ಹಾರಾಡಿತು.

ಹೊತ್ತು ಮುಳುಗಿದ ಮೇಲೆ "ಹೆಣೆ, ಬಾ ಇಲ್ಲ್" ಎಂದು ಮುತ್ತು ಕರೆದಳು.

ಬಾವುಟ ಅಂಗಳ ತುಂಬ ಹಸಿರು ಚೆಲ್ಲಿತ್ತು. ನಡುವೆ ಉಡುಪರು ಕತ್ತರಿಸಿದ ಚೌಕ ತೂತು. ಮೇಲಿನ ಎರಡು ಮೂಲೆಗಳಲ್ಲಿ, ಹೊಲಿದ ಕುಣಿಕೆಗಳಿಗಿಂತ ಸ್ವಲ್ಪ ಕೆಳಗೆ, ಎರಡು ಕಪ್ಪು ಗುರುತು. ನಾಲ್ಕು ನಾಲ್ಕು ಬೆರಳು ಬಿಡಿಬಿಡಿಯಾಗಿ ಕಾಣುತ್ತಿದ್ದವು, ಹಿಂಬದಿಯಲ್ಲಿ ಹೆಬ್ಬೆರಳು. ರಾತ್ರಿಯಿಡೀ ಬಿಡದೆ ಹಿಡಿದ ಕಡೆ ಒಂದು ಹರಳೂ ಉಳಿದಿರಲಿಲ್ಲ.

"ಅವನ್ ಕೈ," ಎಂದಳು ಮುತ್ತು.

ವಾರಿಜ ತನ್ನ ಮುಷ್ಟಿಯನ್ನು ಬಲಗಡೆಯ ಗುರುತಿನ ಮೇಲಿಟ್ಟಳು. ಸುತ್ತ ಒಂದು ಬೆರಳಿನಷ್ಟು ಕಪ್ಪು ಮಿಕ್ಕಿತು. ಅವನ ಕೈ ಅಷ್ಟು ದೊಡ್ಡದಿತ್ತು ಎಂದು ಅವಳಿಗೆ ಮರೆತೇ ಹೋಗಿತ್ತು. ಅವಳು ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡು ಅತ್ತಳು. ಗಂಟಲಿನಿಂದ ಬಂದ ದನಿ ಅವಳದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಮುತ್ತು ಅವಳನ್ನು ಸಮಾಧಾನ ಮಾಡಲಿಲ್ಲ. ಪಕ್ಕದಲ್ಲೇ ನೆಲದ ಮೇಲೆ ಕೂತು, ಮಂಜು ಬಿದ್ದು ತೋಯದಂತೆ ಒಣಮೀನನ್ನು ಬುಟ್ಟಿಗೆ ತುಂಬಿದಳು. ಎಲ್ಲ ತುಂಬಿದ ಮೇಲೆ ಎದ್ದಳು.

"ಕೈ ಬಿಡ್ ಹೆಣೆ, ಅಲ್ಲೂ ಉದ್ರ್ ಹೋತ್ತ್," ಎಂದಳು. "ನಾಳಿಗೂ ಬಿಸ್ಲಿಗ್ ಹಾಕ್."